ಕೋಲಾರದ ಸಂಸದರಿಗೆ: ಟ್ಯಾಂಕರ್ ನೀರು ಯಾರ ಲೆಕ್ಕಕ್ಕೆ?

ಮಾನ್ಯ ಸಂಸದರೇ, ನಮಸ್ಕಾರ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈಗ ಹಸಿರು ಹಣಕಾಸಿನ ಸಭೆಗಳು ಜಾಸ್ತಿಯಾಗಿವೆ. ನೀರು, ಮಣ್ಣು, ಕಾಡು ಹಾಳಾದರೆ ತಮ್ಮ ಬಂಡವಾಳಕ್ಕೆ ಏನು ಅಪಾಯ ಅಂತ ಕಂಪನಿಯವರೂ ಬ್ಯಾಂಕಿನವರೂ ಕೂತು ಮಾತಾಡುತ್ತಾರೆ. ಮಾತಾಡಲಿ, ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು ಎಷ್ಟು ನೀರು ಬಳಸುತ್ತವೆ ಅಂತ ತಿಳಿಯೋಣವೆಂದರೆ ನಮಗೆ ಸುಲಭದ ದಾರಿ ಇಲ್ಲ.

ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್, ಅಂದರೆ ಪರಿಸರ ಮತ್ತು ಸಮಾಜದ ಜವಾಬ್ದಾರಿಯ ವರದಿ ಕೊಡಲೇಬೇಕು, ಅದು ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ. ಅದರ ನೀರಿನ ಪಟ್ಟಿ ನೋಡಿ. ಕೆರೆ-ನದಿ ನೀರಿಗೆ ಒಂದು ಸಾಲು, ಅಂತರ್ಜಲಕ್ಕೆ ಒಂದು, ಬೇರೆಯವರಿಂದ ತಗೊಂಡ ನೀರಿಗೆ ಇನ್ನೊಂದು. ನಮ್ಮೂರಿನ ತೋಟದ ಬೋರ್‌ವೆಲ್‌ನಿಂದ ತುಂಬಿದ ಟ್ಯಾಂಕರ್ ಕಾರ್ಖಾನೆ ಗೇಟು ದಾಟಿತು ಅಂದುಕೊಳ್ಳಿ. ಆ ನೀರು ಅಂತರ್ಜಲದ ಸಾಲಿಗಲ್ಲ, ಬೇರೆಯವರ ನೀರಿನ ಸಾಲಿಗೆ ಸೇರುತ್ತದೆ. ನಮ್ಮ ಬಾವಿ ಬತ್ತಿದ್ದು ನಿಜ, ಕಾಗದದಲ್ಲಿ ಮಾತ್ರ ಅಂತರ್ಜಲ ತೆಗೆದವರು ಯಾರೂ ಇಲ್ಲ! ಸಾಲದ್ದಕ್ಕೆ ದೇಶದ ಎಲ್ಲ ಕಾರ್ಖಾನೆಗಳದ್ದೂ ಸೇರಿ ಒಂದೇ ಮೊತ್ತ, ಪುಣೆಯದ್ದೂ ನಮ್ಮದೂ ಒಟ್ಟಿಗೆ.

ನೀರಿನ ಕೊರತೆ ಇರುವ ಜಾಗದ ಕಾರ್ಖಾನೆಗಳ ಲೆಕ್ಕ ಬೇರೆ ಕೊಡಿ ಅನ್ನುವ ಪ್ರಶ್ನೆಯೂ ಅದರಲ್ಲಿದೆ, ಆದರೆ ಕಡ್ಡಾಯವಲ್ಲ. ಇಷ್ಟವಿದ್ದರೆ ಕೊಡಬಹುದು. ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ, ಅಂತರ್ಜಲವನ್ನು ಮಿತಿಮೀರಿ ತೆಗೆದಿರುವ ಜಿಲ್ಲೆಯಲ್ಲಿ ಇದು ಇಷ್ಟದ ವಿಷಯ ಆಗಬೇಕಾ ಸಾರ್?

ಇನ್ನೊಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಎರಡೇ ಹಂತ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು, ಮೂರನೇ ಹಂತವೂ ಆಗಲಿ ಅಂತ ನಮ್ಮ ಜನ ಕೇಳುತ್ತಲೇ ಇದ್ದಾರೆ. ಸರ್ಕಾರದ ದುಡ್ಡಲ್ಲಿ ಕೆರೆ ತುಂಬಿ ಅಂತರ್ಜಲ ಏರಿದರೆ ಕಾರ್ಖಾನೆ ಬೋರ್‌ವೆಲ್‌ಗೂ ಲಾಭ ಅಲ್ವಾ? ಆ ನೀರು ಬರುವುದೇ ನಿಂತುಹೋದರೆ ಕಾರ್ಖಾನೆಗೇನು ಅಪಾಯ ಅಂತ ಷೇರುದಾರರಿಗೂ ಸಾಲ ಕೊಟ್ಟ ಬ್ಯಾಂಕಿಗೂ ಗೊತ್ತಾಗಬೇಡವಾ? ನಾವು ಬೋರ್ ಕೊರೆಸೋಕೆ ಸಾಲ ಕೇಳಿದರೆ ನೀರು ಸಿಗುವ ಗ್ಯಾರಂಟಿ ಏನು ಅಂತ ಮೊದಲು ಕೇಳುವುದು ಅದೇ ಬ್ಯಾಂಕಿನವರು.

ಪ್ರಕೃತಿ ಹಾಳಾದರೆ ತಮಗಿರುವ ಅಪಾಯವನ್ನು ಕಂಪನಿಗಳು ಹೇಗೆ ಬಹಿರಂಗಪಡಿಸಬೇಕು ಅಂತ ಹೇಳುವ ಅಂತರರಾಷ್ಟ್ರೀಯ ತಂಡ ಟಿಎನ್‌ಎಫ್‌ಡಿ; 2023ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಶಿಫಾರಸುಗಳು ಕಂಪನಿಯ ಕೆಲಸ ಯಾವ ಜಾಗದಲ್ಲಿ ನಡೆಯುತ್ತದೆ ಅಂತ ನೋಡಿ ಅನ್ನುತ್ತವೆ. ದೊಡ್ಡ ಕಂಪನಿಗಳು ಪ್ರಕೃತಿಯ ಮೇಲೆ ಎಷ್ಟು ಅವಲಂಬಿಸಿವೆ ಅಂತ ಬಹಿರಂಗಪಡಿಸುವಂತೆ ನೋಡಿಕೊಳ್ಳುವುದು ಜೀವವೈವಿಧ್ಯ ಉಳಿಸಲು ದೇಶಗಳು ಮಾಡಿಕೊಂಡ 2022ರ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದದ 15ನೇ ಗುರಿ. ಅದಕ್ಕೆ ಭಾರತವೂ ಸೇರಿದೆ.

ಹಾಗಾಗಿ ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವರನ್ನು ಕೇಳಿ. ನಮ್ಮಂಥ ತಾಲ್ಲೂಕುಗಳ ಕಾರ್ಖಾನೆಗಳ ನೀರಿನ ಲೆಕ್ಕ ಕಡ್ಡಾಯ ಮಾಡುವುದು ಯಾವಾಗ, ಟ್ಯಾಂಕರ್ ನೀರಿನ ಮೂಲ ಬರೆಸುವುದು ಯಾವಾಗ, ಷೇರುಪೇಟೆಯಲ್ಲೇ ಇಲ್ಲದ ದೊಡ್ಡ ಕಂಪನಿಗಳನ್ನು ಏನು ಮಾಡುತ್ತೀರಿ ಅಂತ. ಕೆರೆಗೆ ಗಿಡ ನೆಟ್ಟ ಫೋಟೊ ಉತ್ತರವಾಗಿ ಬೇಡ. ಪ್ರಶ್ನೆ ಕೇಳಿದ ದಿನ ಅದರ ನಂಬರು ನಿಮ್ಮ ಪೇಜಲ್ಲಿ ಹಾಕಿ, ಉತ್ತರ ನಾವೇ ಹುಡುಕಿ ಓದಿಕೊಳ್ಳುತ್ತೇವೆ.

ಇಂತಿ,
ನರಸಾಪುರ ಕಡೆಯ ಒಬ್ಬ ಟೊಮೊಟೊ ಬೆಳೆಗಾರ