ಬಾಸ್ಟನ್‌ನಲ್ಲಿರುವ ಪುಟ್ಟಿಗೆ ದೊಡ್ಡಪ್ಪನ ಪತ್ರ

ಮಂಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಕಳಿಸಿದ ಭಾಷಣದ ಕರಡು ಓದಿದೆ. 2026ರ ಜುಲೈ 4ಕ್ಕೆ ಅಮೆರಿಕ ಸ್ವಾತಂತ್ರ್ಯ ಘೋಷಿಸಿ 250 ವರ್ಷ ತುಂಬುತ್ತದೆ. ನಿಮ್ಮ ಕನ್ನಡ ಕೂಟದ ಮಕ್ಕಳಿಗೆ ಆ ಕಥೆ ಹೇಳಲು ನಿನ್ನನ್ನೇ ಕೇಳಿದ್ದಾರೆ ಅಂದರೆ ನನಗೆ ಹೆಮ್ಮೆ. ಆದರೆ ನಿನ್ನ ಮೊದಲ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. 'ಬ್ರಿಟಿಷರು ವಿಪರೀತ ತೆರಿಗೆ ಹಾಕಿದರು, ಜನ ತಡೆಯಲಾರದೆ ದಂಗೆ ಎದ್ದು ಸ್ವಾತಂತ್ರ್ಯ ಪಡೆದರು' ಅಂತ ಬರೆದಿದ್ದೀಯ. ಎಲ್ಲರೂ ಹೀಗೇ ಹೇಳುತ್ತಾರೆ. ನೀನು ಹೇಳಬೇಡ.

ಮೊದಲು ಆ 'ವಿಪರೀತ'ವನ್ನು ತೆಗೆದುಹಾಕು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದವನು ಅಮೆರಿಕದಲ್ಲಿದ್ದವನಿಗಿಂತ ಎಷ್ಟೋ ಪಟ್ಟು ಜಾಸ್ತಿ ತೆರಿಗೆ ಕಟ್ಟುತ್ತಿದ್ದ. 1763ರಲ್ಲಿ ಫ್ರೆಂಚರ ಜೊತೆಗಿನ ಯುದ್ಧ ಮುಗಿದಾಗ ಬ್ರಿಟನ್ ತಲೆಮೇಲೆ ಸುಮಾರು 13 ಕೋಟಿ ಪೌಂಡ್ ಸಾಲ ಇತ್ತು. ಅಮೆರಿಕದಲ್ಲಿ ಸೈನ್ಯ ಇಡುವ ಖರ್ಚಿನಲ್ಲಿ ಸ್ವಲ್ಪವನ್ನಾದರೂ ಅಲ್ಲಿಯವರು ಕೊಡಲಿ ಅಂತ ಲಂಡನ್ನಿನವರು ಕೇಳಿದರು. ಅವರ ಕಡೆಯಿಂದ ನೋಡಿದರೆ ಇದು ನ್ಯಾಯವೇ ಅಲ್ವಾ? 1764ರಲ್ಲಿ ಕಾಕಂಬಿಯ ಮೇಲಿನ ಸುಂಕವನ್ನು ಗ್ಯಾಲನ್‌ಗೆ 6 ಪೆನ್ಸ್‌ನಿಂದ 3 ಪೆನ್ಸ್‌ಗೆ ಇಳಿಸಿದರು. ಇಳಿಸಿದ್ದಕ್ಕೇ ಜನ ಸಿಟ್ಟಾದರು. ಯಾಕೆಂದರೆ ಹಳೆಯ ಸುಂಕವನ್ನು ಯಾರೂ ಸರಿಯಾಗಿ ವಸೂಲಿ ಮಾಡುತ್ತಿರಲಿಲ್ಲ, ಹೊಸದನ್ನು ನಿಜವಾಗಿ ವಸೂಲಿ ಮಾಡಲು ಹೊರಟರು. ಸಿಕ್ಕಿಬಿದ್ದವನ ವಿಚಾರಣೆ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ಮಂಡಳಿ) ಇಲ್ಲದ ಕೋರ್ಟಿನಲ್ಲಿ ನಡೆಯುತ್ತಿತ್ತು.

ಮರುವರ್ಷ ಬಂದದ್ದು ಸ್ಟಾಂಪ್ ಕಾಯ್ದೆ. ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲ್ಲಕ್ಕೂ ಮುದ್ರೆ ಬೇಕು. ಒಂದು ಕಟ್ಟು ಇಸ್ಪೀಟಿಗೆ 1 ಶಿಲಿಂಗ್, ಪಗಡೆ ದಾಳಕ್ಕೆ 10 ಶಿಲಿಂಗ್. ಈ ಸಲ ವಕೀಲರು, ಪತ್ರಿಕೆಯವರು, ಹೆಂಡದಂಗಡಿಯವರು ಒಟ್ಟಿಗೆ ಎದ್ದರು. ಫಿಲಡೆಲ್ಫಿಯಾದ ಒಂದು ಪತ್ರಿಕೆ ಕಾಯ್ದೆ ಜಾರಿಗೆ ಬರುವ ಹಿಂದಿನ ದಿನದ ಮುಖಪುಟವನ್ನು ಸಮಾಧಿಯ ಕಲ್ಲಿನ ಆಕಾರದಲ್ಲಿ ಅಚ್ಚುಹಾಕಿತು. ಬಾಸ್ಟನ್‌ನಲ್ಲಿ ಜನ ಮುದ್ರೆ ಹಂಚಬೇಕಿದ್ದ ಅಧಿಕಾರಿಯ ಗೊಂಬೆಯನ್ನು ಮರಕ್ಕೆ ನೇತುಹಾಕಿದರು. ಆಗ ಉಪಗವರ್ನರ್ ಆಗಿದ್ದ ಥಾಮಸ್ ಹಚಿನ್ಸನ್ ಅವರ ಮನೆಯನ್ನು ಒಂದೇ ರಾತ್ರಿಯಲ್ಲಿ ಹಾಳುಗೆಡವಿದರು. ಅದನ್ನು ಸಾಹಸ ಅಂತ ಹೇಳಬೇಡ. ಅದು ಗೂಂಡಾಗಿರಿಯೇ.

ಅಮೆರಿಕದವರ ವಾದ ಸರಳ. ನಮ್ಮ ಸೀಮೆಯ ಸಭೆಗೆ ನಾವು ಜನರನ್ನು ಆರಿಸುತ್ತೇವೆ, ಆ ಸಭೆ ಹಾಕಿದ ತೆರಿಗೆ ಕಟ್ಟುತ್ತೇವೆ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ, ಅವರು ನಮ್ಮ ಜೇಬಿಗೆ ಕೈ ಹಾಕುವ ಹಾಗಿಲ್ಲ. ಎಷ್ಟು ಅನ್ನುವುದಕ್ಕಿಂತ ಯಾರು ಅನ್ನುವುದೇ ಅವರ ಜಗಳ. 1766ರ ಮಾರ್ಚ್‌ನಲ್ಲಿ ಪಾರ್ಲಿಮೆಂಟ್ ಕಾಯ್ದೆ ವಾಪಸ್ ತಗೊಂಡಿತು. ಅದೇ ದಿನ ಇನ್ನೊಂದು ಕಾಯ್ದೆ ಮಾಡಿತು: ಅಮೆರಿಕದ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಹಕ್ಕು ನಮಗಿದೆ. ಅಮೆರಿಕದವರು ಮೊದಲನೆಯದಕ್ಕೆ ಗಂಟೆ ಬಾರಿಸಿ ಸಂಭ್ರಮಪಟ್ಟರು, ಎರಡನೆಯದನ್ನು ಹೆಚ್ಚಿನವರು ತಲೆಗೆ ಹಚ್ಚಿಕೊಳ್ಳಲಿಲ್ಲ. ಮುಂದಿನ ಜಗಳವೆಲ್ಲ ಆ ಎರಡನೆಯ ಕಾಯ್ದೆಯೊಳಗೇ ಕೂತಿತ್ತು.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಬಂತು. ಇದರಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಒಂದು ವಿಷಯ ಇದೆ. ಆ ಹಣದಿಂದ ಗವರ್ನರ್‌ಗಳಿಗೆ, ಜಡ್ಜ್‌ಗಳಿಗೆ ಸಂಬಳ ಕೊಡುವ ಯೋಚನೆ ಇತ್ತು. ಅಲ್ಲಿಯವರೆಗೆ ಹೆಚ್ಚಿನ ಕಡೆ ಆ ಸಂಬಳ ಕೊಡುತ್ತಿದ್ದದ್ದು ಸೀಮೆಯ ಸಭೆ. ಹಾಗಾಗಿ ಗವರ್ನರ್ ಸ್ವಲ್ಪವಾದರೂ ಜನರ ಮಾತು ಕೇಳಬೇಕಿತ್ತು. ಸಂಬಳ ಲಂಡನ್ನಿನಿಂದ ಬಂದರೆ ಆ ಹಿಡಿತ ಹೋಯಿತು.

1768ರಲ್ಲಿ ಬಾಸ್ಟನ್ನಿಗೆ ಸೈನ್ಯ ಬಂತು. 1770ರ ಮಾರ್ಚ್ 5ರ ರಾತ್ರಿ ಗಲಾಟೆಯಲ್ಲಿ ಸೈನಿಕರು ಗುಂಡು ಹಾರಿಸಿದರು, ಐದು ಜನ ಸತ್ತರು. ಇಲ್ಲಿ ನೀನು ನಿಲ್ಲಬೇಕು. ಆ ಸೈನಿಕರ ಪರ ವಾದಿಸಿದವರು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷರಾದವರು. ಊರಿಗೆ ಊರೇ ಕುದಿಯುತ್ತಿದ್ದಾಗ ಅದೇ ಊರಿನ ಕೋರ್ಟಿನಲ್ಲಿ ಕ್ಯಾಪ್ಟನ್ ಮತ್ತು ಆರು ಸೈನಿಕರು ಬಿಡುಗಡೆಯಾದರು. ಇಬ್ಬರಿಗೆ ಮಾತ್ರ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಆ ಪಟ್ಟಣಕ್ಕೆ ನ್ಯಾಯ ಕೊಡುವ ಯೋಗ್ಯತೆ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಾಲ್ಕು ವರ್ಷದ ನಂತರ ಪಾರ್ಲಿಮೆಂಟ್ ಏನು ಮಾಡಿತು ಗೊತ್ತಾ? ಇಂಥ ಅಧಿಕಾರಿಗಳ ವಿಚಾರಣೆಯನ್ನು ಬೇರೆ ಕಡೆಗೆ, ಬೇಕಾದರೆ ಇಂಗ್ಲೆಂಡಿಗೇ ಸಾಗಿಸಬಹುದು ಅಂತ ಕಾನೂನು ತಂದಿತು.

ನಡುವೆ ಚಹಾ. 1770ರಲ್ಲಿ ಉಳಿದ ಸುಂಕ ತೆಗೆದರು, ಹಕ್ಕು ಉಳಿಸಿಕೊಳ್ಳಲು ಚಹಾದ ಮೇಲಿನ 3 ಪೆನ್ಸ್ ಮಾತ್ರ ಇಟ್ಟುಕೊಂಡರು. ಇತ್ತ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗುತ್ತಿತ್ತು. ಬಂಗಾಳದಲ್ಲಿ 1770ರ ಕ್ಷಾಮದಲ್ಲೂ ಕಂದಾಯ ಬಿಡದೆ ಎತ್ತಿದ ಅದೇ ಕಂಪನಿ. ಅದರ ಲಂಡನ್ ಗೋದಾಮಿನಲ್ಲಿ ಚೀನಾದ ಚಹಾ ರಾಶಿ ಬಿದ್ದಿತ್ತು. ಅದನ್ನು ಅಮೆರಿಕದಲ್ಲಿ ಅಗ್ಗವಾಗಿ ಮಾರಲು 1773ರಲ್ಲಿ ದಾರಿ ಮಾಡಿಕೊಟ್ಟರು. ಕಳ್ಳಸಾಗಣೆಯ ಡಚ್ ಚಹಾಕ್ಕೂ ಪೈಪೋಟಿ ಕೊಡುವಷ್ಟು ಅಗ್ಗ. ಕಳ್ಳಸಾಗಣೆಯವರಿಗೆ ಹೊಟ್ಟೆಗೆ ಹೊಡೆತ ಬಿತ್ತು, ಅದೂ ನಿಜ, ಮುಚ್ಚಿಡಬೇಡ. ಆದರೆ ಉಳಿದವರಿಗೆ ಅನ್ನಿಸಿದ್ದು ಬೇರೆ: ಒಂದು ಲೋಟ ಅಗ್ಗದ ಚಹಾ ಕುಡಿದರೆ ತೆರಿಗೆ ಹಾಕುವ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿದ ಹಾಗೆ. ಕಂಪನಿ ಬಂಗಾಳದಲ್ಲಿ ಮಾಡಿದ್ದನ್ನು ನೆನಪಿಸಿ, ಇವರನ್ನು ಒಳಗೆ ಬಿಟ್ಟರೆ ನಮಗೂ ಅದೇ ಗತಿ ಅಂತ ಆಗ ಅಲ್ಲಿ ಅಚ್ಚಾದ ಕರಪತ್ರಗಳಿವೆ. ನಮ್ಮ ದೇಶದ ಹಸಿವು ಬಾಸ್ಟನ್ನಿನ ಜಗಳದೊಳಗೆ ಹೀಗೆ ಬಂದು ಸೇರಿದೆ, ಪುಟ್ಟಿ. ಮಕ್ಕಳಿಗೆ ಇದು ಗೊತ್ತಿರಲಿ.

ಫಿಲಡೆಲ್ಫಿಯಾ, ನ್ಯೂಯಾರ್ಕ್ ಜನ ಚಹಾದ ಹಡಗುಗಳನ್ನು ಹಿಂದಕ್ಕೆ ಕಳಿಸಿದರು. ಬಾಸ್ಟನ್‌ನಲ್ಲಿ ಗವರ್ನರ್ ಹಚಿನ್ಸನ್ ಬಿಡಲಿಲ್ಲ. ಮನೆ ಕಳೆದುಕೊಂಡ ಅದೇ ಹಚಿನ್ಸನ್. ಅವರ ಮಕ್ಕಳೇ ಆ ಚಹಾದ ಏಜೆಂಟರು. ಹಡಗು ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಸರ್ಕಾರದ ಕೈಗೆ. ಡಿಸೆಂಬರ್ 16ರ ರಾತ್ರಿ ಕೊನೆಯ ಗಡುವು. ಸುಮಾರು ನೂರು ಜನ ಮೂರು ಹಡಗು ಹತ್ತಿ 340 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಇಳಿತದ ಹೊತ್ತು, ನೀರು ಕಡಿಮೆ. ಚಹಾ ಮುಳುಗದೆ ಹಡಗಿನ ಪಕ್ಕ ಗುಡ್ಡೆ ಬಿತ್ತು, ಕೆಳಗೆ ಇಳಿದು ತಳ್ಳಬೇಕಾಯಿತು. ಒಂದು ಬೀಗ ಒಡೆಯಿತು. ಅದು ಹಡಗಿನ ಕ್ಯಾಪ್ಟನ್ನನದು, ಕಂಪನಿಯದಲ್ಲ. ಆಮೇಲೆ ಹೊಸ ಬೀಗ ಕೊಟ್ಟರು.

ನೀನು ನಿನ್ನ ಕರಡಿನಲ್ಲಿ ಇಲ್ಲಿಂದ ನೇರ ಯುದ್ಧಕ್ಕೆ ಹಾರಿದ್ದೀಯ. ನಡುವೆ ಹದಿನಾರು ತಿಂಗಳಿದೆ, ನಿಜವಾದ ಕಥೆ ಅಲ್ಲೇ ಇದೆ. ಚಹಾ ಸುರಿದದ್ದು ಅಮೆರಿಕದಲ್ಲೇ ಎಷ್ಟೋ ಜನಕ್ಕೆ ಇಷ್ಟವಾಗಿರಲಿಲ್ಲ. ವಾಷಿಂಗ್ಟನ್ ಒಪ್ಪಲಿಲ್ಲ. ಫ್ರಾಂಕ್ಲಿನ್ ದುಡ್ಡು ಕೊಟ್ಟುಬಿಡಿ ಅಂದರು. ಆಗ ಲಂಡನ್ ಆ ಹತ್ತಾರು ಜನರನ್ನು ಹುಡುಕಿ ಶಿಕ್ಷಿಸಿದ್ದರೆ ಬಾಸ್ಟನ್ ಒಂಟಿಯಾಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅವರು ಇಡೀ ಊರಿಗೇ ಶಿಕ್ಷೆ ಕೊಟ್ಟರು. 1774ರ ಜೂನ್ 1ರಿಂದ ಬಂದರು ಬಂದ್. ಹಮಾಲಿ, ದೋಣಿಯವನು, ಹಗ್ಗ ಹೊಸೆಯುವವನು, ಯಾರಿಗೂ ಕೆಲಸವಿಲ್ಲ. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು. ಕನೆಕ್ಟಿಕಟ್‌ನಿಂದ ಕುರಿ ಹಿಂಡು ಹೊಡೆದುಕೊಂಡು ಬಂದರು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ನಂಬದಿದ್ದ ಸೀಮೆಗಳನ್ನು ಒಂದು ಮಾಡಿದ್ದು ಆ ಶಿಕ್ಷೆ.

ಇನ್ನೊಂದು ಕಾಯ್ದೆ ಮ್ಯಾಸಚೂಸೆಟ್ಸ್‌ನ ಊರಸಭೆಗಳಿಗೆ ಕಡಿವಾಣ ಹಾಕಿತು. ಗವರ್ನರ್ ಅಪ್ಪಣೆ ಇಲ್ಲದೆ ವರ್ಷಕ್ಕೆ ಒಂದೇ ಸಭೆ. ಈಗ ಹಳ್ಳಿಯವರು ಎದ್ದರು. ನೀನು ಒಂದು ಭಾನುವಾರ ವೂಸ್ಟರ್‌ಗೆ ಹೋಗಿ ಬಾ, ಬಾಸ್ಟನ್‌ನಿಂದ ರೈಲಿದೆ. 1774ರ ಸೆಪ್ಟೆಂಬರ್ 6ರಂದು ಅಲ್ಲಿ ಸುತ್ತಲಿನ ಊರುಗಳ 4,600ಕ್ಕೂ ಹೆಚ್ಚು ಜನ ರಸ್ತೆಯ ಎರಡೂ ಬದಿ ಸಾಲಾಗಿ ನಿಂತರು. ಕೋರ್ಟಿನ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯಬೇಕಾಯಿತು. ಎಲ್ಲರಿಗೂ ಕೇಳಬೇಕಲ್ಲ, ಅದಕ್ಕೆ ಹೊಸ ಕಾಯ್ದೆಯ ಕೆಲಸ ಬಿಟ್ಟೆವು ಅಂತ ಮತ್ತೆ ಮತ್ತೆ ಓದಿ ಹೇಳಿದರು. ಒಂದು ಗುಂಡು ಹಾರಲಿಲ್ಲ. ಬಾಸ್ಟನ್ ಪಟ್ಟಣದ ಆಚೆ ರಾಜನ ಆಡಳಿತ ಅಲ್ಲಿಗೇ ನಿಂತಂತಾಯಿತು. ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಯುದ್ಧದ ಮೊದಲ ಗುಂಡು ಹಾರಿದ್ದು ಏಳು ತಿಂಗಳ ನಂತರ, 1775ರ ಏಪ್ರಿಲ್ 19ಕ್ಕೆ. ಅದೂ ಹಳ್ಳಿಯವರ ಮದ್ದುಗುಂಡು ವಶಪಡಿಸಿಕೊಳ್ಳಲು ಸೈನ್ಯ ಹೊರಟಾಗ.

ಆಗಲೂ ಹೆಚ್ಚಿನವರ ಬಾಯಲ್ಲಿ ಸ್ವಾತಂತ್ರ್ಯದ ಮಾತಿಲ್ಲ. ಜುಲೈನಲ್ಲಿ ಕಾಂಗ್ರೆಸ್, ಅಂದರೆ ಸೀಮೆಗಳ ಪ್ರತಿನಿಧಿಗಳ ಸಭೆ, ರಾಜನಿಗೆ ವಿನಯದಿಂದ ಅರ್ಜಿ ಬರೆಯಿತು. ರಾಜ ಮೂರನೆಯ ಜಾರ್ಜ್ ಅದನ್ನು ತೆಗೆದುಕೊಳ್ಳಲೇ ಇಲ್ಲ, ಇವರು ದಂಗೆಕೋರರು ಅಂತ ಸಾರಿದ. ಜರ್ಮನ್ ಬಾಡಿಗೆ ಸೈನಿಕರನ್ನು ಗೊತ್ತು ಮಾಡಿದ. 1776ರ ಜನವರಿಯಲ್ಲಿ ಥಾಮಸ್ ಪೇನ್ ಅವರ ಪುಸ್ತಿಕೆ ರಾಜನೇ ಯಾಕೆ ಬೇಕು ಅಂತ ನೇರ ಕೇಳಿತು. ಜುಲೈನ ಘೋಷಣೆಯಲ್ಲಿ ರಾಜನ ಮೇಲೆ 27 ದೂರುಗಳಿವೆ. ಒಮ್ಮೆ ಎಣಿಸಿ ನೋಡು. ಒಪ್ಪಿಗೆಯಿಲ್ಲದ ತೆರಿಗೆ ಅನ್ನುವುದು ನಡುವೆಲ್ಲೋ ಒಂದು ಸಾಲು. ಸಭೆ ಮುಚ್ಚಿಸಿದ್ದು, ಜ್ಯೂರಿ ಕಿತ್ತುಕೊಂಡದ್ದು, ಸೈನ್ಯ ಬಿಟ್ಟದ್ದು, ಊರು ಸುಟ್ಟದ್ದು, ಉಳಿದದ್ದೆಲ್ಲ ಇಂಥವೇ. ಹನ್ನೊಂದು ವರ್ಷದಲ್ಲಿ ತೆರಿಗೆಯ ದೂರಿಗೆ ಕೊಟ್ಟ ಉತ್ತರಗಳೇ ದೂರಿಗಿಂತ ದೊಡ್ಡದಾದವು. ನಿನ್ನ ಭಾಷಣ ಇದನ್ನು ಹೇಳಲಿ.

ನಮ್ಮ ಊರಿನ ವಿಷಯವೂ ಬರಲಿ, ಅದನ್ನು ಬಲವಂತವಾಗಿ ತುರುಕಬೇಕಾಗಿಲ್ಲ. 1778ರಲ್ಲಿ ಫ್ರಾನ್ಸ್ ಅಮೆರಿಕದ ಕಡೆ ಸೇರಿದ ಕೂಡಲೇ ಜಗಳ ಇಲ್ಲಿಗೂ ಬಂತು. ಬ್ರಿಟಿಷರು ಫ್ರೆಂಚರ ಪಾಂಡಿಚೇರಿ ಹಿಡಿದರು, 1779ರಲ್ಲಿ ಮಾಹೆ ಹಿಡಿದರು. ಹೈದರಾಲಿಗೆ ಯುದ್ಧ ಸಾಮಾನು ಬರುತ್ತಿದ್ದದ್ದು ಮಾಹೆಯಿಂದ. 1780ರಲ್ಲಿ ಅವನು ಯುದ್ಧಕ್ಕೆ ಇಳಿದ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಅಮೆರಿಕದ ಹಡಗಿನ ಹೆಸರೇ 'ಹೈದರ್ ಅಲಿ'. ಮರುವರ್ಷ ಟಿಪ್ಪು ನಮ್ಮ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂತು, ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡ.

ಗೆದ್ದವರ ಕಥೆ ಮಾತ್ರ ಹೇಳಬೇಡ. ಆಗ ಅಲ್ಲಿನ ಐದರಲ್ಲಿ ಒಬ್ಬರು ಗುಲಾಮರು. ಒಪ್ಪಿಗೆಯ ಮಾತು ಅವರ ತನಕ ಬರಲಿಲ್ಲ. 1775ರಲ್ಲಿ ಅವರಲ್ಲಿ ಕೆಲವರಿಗೆ ಬಿಡುಗಡೆ ಕೊಡುತ್ತೇನೆ ಅಂದದ್ದು ರಾಜನ ಗವರ್ನರ್ ಡನ್ಮೋರ್, ತನ್ನ ಸೈನ್ಯಕ್ಕೆ ಸೇರಿದರೆ ಅನ್ನುವ ಷರತ್ತಿನ ಮೇಲೆ. ಮೂಲನಿವಾಸಿಗಳನ್ನು ಆ ಘೋಷಣೆ ಕ್ರೂರ ಕಾಡುಜನ ಅಂತಲೇ ಕರೆದಿದೆ. ಎಲಿಜಬೆತ್ ಫ್ರೀಮನ್ ಅನ್ನುವ ಗುಲಾಮ ಹೆಣ್ಣುಮಗಳು 1781ರಲ್ಲಿ ಮ್ಯಾಸಚೂಸೆಟ್ಸ್‌ನ ಹೊಸ ಸಂವಿಧಾನವನ್ನೇ ಆಧಾರ ಮಾಡಿಕೊಂಡು ಕೋರ್ಟಿಗೆ ಹೋಗಿ ಗೆದ್ದಳು. ಅವಳ ಹೆಸರನ್ನು ಮಕ್ಕಳ ಬಾಯಿಂದ ಹೇಳಿಸು.

ವೂಸ್ಟರ್‌ಗೆ ಹೋದಾಗ ಇದನ್ನೂ ವಿಚಾರಿಸು. 1786ರ ಸೆಪ್ಟೆಂಬರ್‌ನಲ್ಲಿ ರೈತರು ಮತ್ತೆ ಬಂದು ಅಲ್ಲಿನ ಕೋರ್ಟು ನಿಲ್ಲಿಸಿದರು. ಈ ಸಲ ಸಾಲ, ಮತ್ತೆ ತಮ್ಮದೇ ಸ್ವತಂತ್ರ ಸರ್ಕಾರ ಹಾಕಿದ ತೆರಿಗೆ. ಅವರಲ್ಲಿ ಎಷ್ಟೋ ಜನ ಹಳೆಯ ಯುದ್ಧದ ಸೈನಿಕರು. ಸರ್ಕಾರ ಅವರ ಮೇಲೆ ಸೈನ್ಯ ಕಳಿಸಿತು. ಬ್ರಿಟಿಷರ ವಿರುದ್ಧ ಬಾಸ್ಟನ್ನನ್ನು ಎಬ್ಬಿಸಿದ ಸ್ಯಾಮ್ಯುಯೆಲ್ ಆಡಮ್ಸ್ ಈಗ ಕಠಿಣ ಶಿಕ್ಷೆಯ ಪರ ನಿಂತರು. ಯಾಕೆ ಅಂತ ಯಾರಾದರೂ ಹುಡುಗ ಎದ್ದು ಕೇಳಿದರೆ ಗದರಬೇಡ, ಅಲ್ಲೇ ಕೂತು ಮಾತಾಡಿ. ಭಾಷಣ ತಿದ್ದಿದ ಮೇಲೆ ಒಂದು ಪ್ರತಿ ನನಗೆ ಕಳಿಸು, ಇಸವಿಗಳನ್ನು ನೋಡಿ ಕೊಡುತ್ತೇನೆ.

ನಿನ್ನ ದೊಡ್ಡಪ್ಪ