‘ಬಂತು’, ‘ನಡೆಯಿತು’ ಅಂತ ಬರೆಯಬೇಡ

ಪ್ರೀತಿಯ ಮಗೂ,

ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಬಗ್ಗೆ ನೀನು ಬರೆದು ನ್ಯೂಜಿಲೆಂಡಿನ ಆಕ್‌ಲೆಂಡ್‌ನಿಂದ ಕಳಿಸಿದ ಹಸ್ತಪ್ರತಿ ಓದಿ ಮುಗಿಸಿದೆ. ಎರಡು ರಾತ್ರಿ ಹಿಡಿಯಿತು. ಯಾವ ಪ್ರಕಾಶಕರಿಗೆ ಕೊಡಲಿ, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರಾದರೂ ಹೇಳುತ್ತಾರೆ ಬಿಡು. “ಈ ಕತೆ ಕನ್ನಡದಲ್ಲಿ ಯಾರಿಗೆ ಬೇಕು ಸರ್, ಹರಿದು ಹಾಕಿಬಿಡ್ಲಾ” ಅಂತ ಕೊನೆಗೆ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ಹರಿಯಬೇಡ. ನಿನ್ನ ಪಕ್ಕದ ಮನೆಯ ಸಮೋವಾ ಅಜ್ಜಿ ಟ್ರಂಕಿನಿಂದ ಬಿಳಿ ಪಟ್ಟಿಯ ನೀಲಿ ಬಟ್ಟೆ ತೆಗೆದು ತೋರಿಸುವ ಪುಟವನ್ನು ನಾನು ಮೂರು ಸಲ ಓದಿದೆ.

ಆದರೆ ನಿನ್ನ ಕ್ರಿಯಾಪದಗಳ ಮೇಲೆ ನನಗೆ ಸಿಟ್ಟಿದೆ.

“1918ರಲ್ಲಿ ದ್ವೀಪಕ್ಕೆ ಜ್ವರ ಬಂತು” ಅಂತ ಬರೆದಿದ್ದೀಯ. ಜ್ವರ ತಾನೇ ಈಜಿಕೊಂಡು ಬಂತಾ? ನವೆಂಬರ್ 7ರಂದು ಸಮೋವಾದ ಆಪಿಯಾ ಬಂದರಿಗೆ ಟಲೂನ್ ಅನ್ನೋ ಹಡಗು ಬಂತು, ನಿನ್ನ ಆಕ್‌ಲೆಂಡ್‌ನಿಂದಲೇ. ಅದರಲ್ಲಿ ಇನ್‌ಫ್ಲುಯೆಂಜಾ ಜ್ವರದವರಿದ್ದರು. ಸಮೋವಾ ಆಳುತ್ತಿದ್ದ ನ್ಯೂಜಿಲೆಂಡ್ ಅಧಿಕಾರಿಗಳು ತಡೆಯದೆ ಇಳಿಸಿಕೊಂಡರು. ಸುಮಾರು 8,500 ಜನ ಸತ್ತರು, ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಪಕ್ಕದ ಅಮೆರಿಕನ್ ಸಮೋವಾದ ಗವರ್ನರ್ ಹಡಗುಗಳನ್ನು ತಡೆದ. ಅಲ್ಲಿ ಒಬ್ಬರೂ ಸಾಯಲಿಲ್ಲ. ಇದೆಲ್ಲ ನಿನ್ನ ಟಿಪ್ಪಣಿಯಲ್ಲೇ ಇದೆ. ವಾಕ್ಯ ಕಟ್ಟುವಾಗ ಎಲ್ಲಿ ಬಿಟ್ಟೆ?

ಇದಾಗಿ ಎರಡು ವರ್ಷಕ್ಕೆ ಲೀಗ್ ಆಫ್ ನೇಷನ್ಸ್, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಗಳ ಕೂಟ, ಅದೇ ನ್ಯೂಜಿಲೆಂಡಿಗೆ ಸಮೋವಾದ ಮ್ಯಾಂಡೇಟ್, ಅಂದರೆ ಆಳುವ ಅಧಿಕಾರ, ಕೊಟ್ಟಿತು. ಇವರು ಇನ್ನೂ ತಮ್ಮ ಕಾಲ ಮೇಲೆ ನಿಲ್ಲಲಾರದ ಜನ, ಇವರ ಏಳಿಗೆ ಒಂದು ಪವಿತ್ರ ಹೊಣೆ ಅನ್ನುತ್ತೆ ಲೀಗಿನ ಒಡಂಬಡಿಕೆಯ 22ನೇ ವಿಧಿ. ನೀನೂ “ಸಮೋವಾ ನ್ಯೂಜಿಲೆಂಡಿನ ಹೊಣೆಗೆ ಬಂತು” ಅಂದೆ. ಆ ‘ಹೊಣೆ’ ಆಳಿದವರ ಮಾತು ಮಗೂ. ಸಮೋವಾದವರು ಜಿನೀವಾದಲ್ಲಿದ್ದ ಲೀಗಿಗೆ ಅರ್ಜಿ ಕಳಿಸಬೇಕಾದರೂ ನ್ಯೂಜಿಲೆಂಡ್ ಸರ್ಕಾರದ ಮೂಲಕವೇ ಕಳಿಸಬೇಕಿತ್ತು. ಅತ್ತೆಯ ಮೇಲಿನ ದೂರನ್ನು ಅತ್ತೆ ಕೈಲೇ ತವರಿಗೆ ಕಳಿಸಿದ ಹಾಗೆ.

ನಮ್ಮಲ್ಲಿ ಮಾತ್ರ ಏನು? 1831ರಲ್ಲಿ ಬ್ರಿಟಿಷರು ದುರಾಡಳಿತ ಅಂತ ಹೇಳಿ ಮೈಸೂರನ್ನು ವಹಿಸಿಕೊಂಡರು, 50 ವರ್ಷ ಬಿಡಲಿಲ್ಲ. ನಾವು ಶಾಲೆಯಲ್ಲಿ “ಕಮಿಷನರುಗಳ ಆಳ್ವಿಕೆ ಬಂತು” ಅಂತ ಬಾಯಿಪಾಠ ಮಾಡಿದೆವು, ಮುಂಗಾರು ಬಂದ ಹಾಗೆ.

ನಾನು ಇದನ್ನೇ ಯಾಕೆ ಹಿಡ್ಕೊಂಡಿದ್ದೇನೆ ಅಂದರೆ, ಇದು ನನ್ನದೇ ತಪ್ಪು. ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಂದು ತಾಲ್ಲೂಕಿನ ಊರಿನಿಂದ ವರದಿ ಕಳಿಸಿದೆ: “ಗೋಲಿಬಾರ್ ನಡೆದು ಇಬ್ಬರು ಮೃತಪಟ್ಟರು.” ಹೊಡೆದವರನ್ನು ಕಣ್ಣಾರೆ ಕಂಡಿದ್ದೆ. ಸತ್ತ ಹುಡುಗನ ತಾಯಿ ಪೇಪರ್ ಓದಿಸಿಕೊಂಡು ಕೇಳಿ, “ಹೊಡೆದೋರು ಇದ್ರಲ್ಲಿ ಇಲ್ವಲ್ಲಪ್ಪ” ಅಂದರು. ನಾನು ಸುಮ್ನೆ ನಿಂತಿದ್ದೆ. ಮುಂದೆ ಒಂದು ಸಭೆಯಲ್ಲಿ ನನ್ನ ಗದ್ಯದ ‘ಸಂಯಮ’ವನ್ನು ಹೊಗಳಿ ಶಾಲು ಹೊದಿಸಿದರು. ಅದು ಬೀರುವಿನಲ್ಲಿದೆ, ಒಂದು ಸಲವೂ ಹೊದ್ದಿಲ್ಲ.

ಹಾಗಾಗಿ ನಿನ್ನ ಏಳನೇ ಅಧ್ಯಾಯದಲ್ಲಿ “ಆಪಿಯಾದಲ್ಲಿ ಗೋಲಿಬಾರ್ ನಡೆಯಿತು” ಅಂತ ನೋಡಿದಾಗ ಪುಟ ಮಗುಚಿಟ್ಟು ಎದ್ದುಹೋದೆ. 1929ರ ಡಿಸೆಂಬರ್ 28. ನ್ಯೂಜಿಲೆಂಡ್ ಆಳ್ವಿಕೆ ಬೇಡ ಅಂತ ಎದ್ದ ಮೌ ಚಳವಳಿಯವರು ಮೆರವಣಿಗೆ ಹೊರಟಿದ್ದರು. ನ್ಯೂಜಿಲೆಂಡ್ ಪೊಲೀಸರು ಗುಂಡು ಹಾರಿಸಿದರು, ಮೆಷಿನ್ ಗನ್ ಕೂಡ ಬಳಸಿದರು. ಶಾಂತಿ, ಶಾಂತಿ ಅಂತ ತಮ್ಮವರನ್ನು ತಡೆಯುತ್ತಿದ್ದ ಮೌ ನಾಯಕ ಟುಪುವಾ ತಮಸೆಸೆ ಲೆಯಲೋಫಿಗೇ ಹೊಡೆದರು. ನನ್ನ ಸಾವಿಗೆ ಸೇಡು ಬೇಡ ಅಂತ ಹೇಳಿ ಅವರು ಮರುದಿನ ತೀರಿಕೊಂಡರು. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಗೆ ಹೋಗಿ ಆ ಜ್ವರಕ್ಕೂ ಈ ಗುಂಡಿಗೂ ಕ್ಷಮೆ ಕೇಳಿದರು. ಮಾಡಿದವರ ಸರ್ಕಾರವೇ ಒಪ್ಪಿಕೊಂಡ ಮೇಲೆ ನಿನಗೇನು ಸಂಕೋಚ?

ಇನ್ನೊಂದು. “1962ರ ಜನವರಿ 1ರಂದು ಸ್ವಾತಂತ್ರ್ಯ ಸಿಕ್ಕಿತು” ಅಂದಿದ್ದೀಯ. ಹಿಂದಿನ ಮೇ ತಿಂಗಳಲ್ಲಿ ಅವರು ಸಾಲು ನಿಂತು ಮತ ಹಾಕಿ ತಗೊಂಡದ್ದು ಅದು. ಅಲ್ವಾ?

ಜ್ವರದ ಅಧ್ಯಾಯವನ್ನೂ ಏಳನೆಯದನ್ನೂ ತಿದ್ದಿ ಕಳಿಸು. ಅಜ್ಜಿಯ ಪುಟ ಮುಟ್ಟಬೇಡ. ಅಕ್ಷರ ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕು, ಎಡಗಣ್ಣಿನ ಪೊರೆ ಇನ್ನೂ ತೆಗೆಸಿಲ್ಲ.

ಇಂತಿ,
ನಿನ್ನ ಮೇಷ್ಟ್ರು