ಕಾರ್ಟನ್‌ಗೆ ಒಂದೇ ಪೈಲಟ್ ಗೊಂಬೆ ಬರುತ್ತಿರುವ ಬಗ್ಗೆ ದೂರು

ಇಂದ:
ಆಟಿಕೆ ಅಂಗಡಿ ಮಾಲೀಕ,
ಗಾಂಧಿ ಬಜಾರ್, ಶಿವಮೊಗ್ಗ

ಗೆ:
ಮಾರಾಟ ವಿಭಾಗದ ಮ್ಯಾನೇಜರ್,
ಆಟಿಕೆ ಆಮದು ಮತ್ತು ವಿತರಣಾ ಕಂಪನಿ, ಬೆಂಗಳೂರು

ವಿಷಯ: ಆ್ಯಕ್ಷನ್ ಫಿಗರ್ (ಸಿನಿಮಾ ಪಾತ್ರಗಳ ಗೊಂಬೆ) ಕಾರ್ಟನ್‌ಗಳಲ್ಲಿ ಬೇಡಿಕೆಯ ಗೊಂಬೆ ಒಂದೊಂದೇ ಬರುತ್ತಿರುವುದು.

ಮಾನ್ಯರೇ,

ಹನ್ನೊಂದು ವರ್ಷದಿಂದ ನಿಮ್ಮಲ್ಲಿ ಮಾಲು ತರಿಸುತ್ತಿದ್ದೇನೆ. ಬಿಲ್ಲು ಬಾಕಿ ಇಟ್ಟವನಲ್ಲ, ಈವರೆಗೆ ದೂರು ಬರೆದವನೂ ಅಲ್ಲ. ಈ ಸಲ ಬರೆಯುವುದಕ್ಕೆ ಕಾರಣ, ನನ್ನ ಗಿರಾಕಿಗಳು ನನ್ನನ್ನೇ ಕಳ್ಳ ಅಂದುಕೊಳ್ಳುತ್ತಿದ್ದಾರೆ.

ಜೂನ್‌ನಲ್ಲಿ ನೀವು ಕಳಿಸಿದ ಬಾಹ್ಯಾಕಾಶ ಸರಣಿಯ ಕಾರ್ಟನ್ ಬಿಚ್ಚಿದೆ. ಒಳಗೆ 12 ಗೊಂಬೆ. ನಾಯಕ 5, ಅವನ ಗೆಳೆಯ 3, ಹೆಲ್ಮೆಟ್ ಹಾಕಿದ ಸೈನಿಕ 2, ಖಳನಾಯಕ 1, ಹೆಣ್ಣು ಪೈಲಟ್ 1. ಪೈಲಟ್ ಅವತ್ತೇ ಸಂಜೆ ಹೋಯಿತು. ಮರುದಿನದಿಂದ ಕೇಳುವವರೆಲ್ಲ ಅವಳನ್ನೇ ಕೇಳಿದರು. ಆಗಸ್ಟ್‌ನಲ್ಲಿ ಇನ್ನೂ ಎರಡು ಕಾರ್ಟನ್ ತರಿಸಿದೆ. ಅದೇ ಲೆಕ್ಕ. ಮೂರೂ ಕಾರ್ಟನ್ ಸೇರಿ 36 ಗೊಂಬೆಗೆ ಪೈಲಟ್ ಮೂರೇ ಮೂರು.

ಸೈನಿಕರು ಪೂರ್ತಿ ಖಾಲಿ. ಒಬ್ಬನೇ ನಾಲ್ಕು ತಗೊಂಡ, ಸೈನ್ಯ ಕಟ್ಟಬೇಕಂತೆ. ಖಳನಾಯಕರೂ ಹೋದರು. ಉಳಿದದ್ದು 11 ನಾಯಕರು, 7 ಗೆಳೆಯರು. ದಸರಾ ಕಳೆದರೂ ಕೊಕ್ಕೆಯಲ್ಲಿ ನೇತಾಡುತ್ತಿದ್ದಾರೆ. ದಿನಾ ಬೆಳಿಗ್ಗೆ ಧೂಳು ಒರೆಸುವುದು ಮಾತ್ರ ನನ್ನ ಪಾಲಿಗೆ. ಇಂಥವಕ್ಕೆ ಅಮೆರಿಕದ ಸಂಗ್ರಹಕಾರರು 'ಪೆಗ್ ವಾರ್ಮರ್' ಅಂತ ಹೆಸರಿಟ್ಟಿದ್ದಾರೆ. ಕೊಕ್ಕೆ ಬೆಚ್ಚಗೆ ಇಡಲಿಕ್ಕಷ್ಟೇ ಇವು ಅಂತ ಅರ್ಥ.

ಇದರ ಬಗ್ಗೆ ಕೇಳಿದಾಗ ನಿಮ್ಮ ಸೇಲ್ಸ್ ಹುಡುಗ ಸರ್ಕಾರದ ಮೇಲೆ ಹಾಕಿದ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿದ್ದು, 2023ರಲ್ಲಿ 70 ಆಗಿದ್ದು ನನಗೂ ಗೊತ್ತು. 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದ್ದೂ ಗೊತ್ತು. ಆಗ ನಾನೂ ಒದ್ದಾಡಿದ್ದೇನೆ. ಆದರೆ ಸುಂಕದಿಂದ ಬೆಲೆ ಏರುತ್ತದೆ, ಮಾಲು ಕಮ್ಮಿ ಬರುತ್ತದೆ. ಒಂದೇ ಕಾರ್ಟನ್ನಿನಲ್ಲಿ ನಾಯಕ ಐದು, ಪೈಲಟ್ ಒಂದು ಅಂತ ಹೇಳುವುದು ಕಸ್ಟಮ್ಸ್‌ನವರಲ್ಲ, ಅಲ್ವಾ?

ಅದನ್ನು ಹೇಳುವುದು ಪ್ಯಾಕಿಂಗ್ ಪಟ್ಟಿ. ಯಾವ ಗೊಂಬೆ ಓಡುತ್ತದೆ ಅಂತ ತಯಾರಕರು ಎಷ್ಟೋ ತಿಂಗಳು ಮೊದಲೇ ಊಹೆ ಮಾಡುತ್ತಾರೆ. ಮಕ್ಕಳು ಇನ್ನೂ ಸಿನಿಮಾ ನೋಡಿರುವುದಿಲ್ಲ. ಆ ಊಹೆಯ ಮೇಲೆ ಕಾರ್ಟನ್ ತುಂಬುತ್ತದೆ. ಕಮ್ಮಿ ಹಾಕಿದ್ದಕ್ಕೆ 'ಶಾರ್ಟ್ ಪ್ಯಾಕ್' ಅನ್ನುತ್ತಾರೆ. ಊಹೆ ತಪ್ಪಿದರೂ ತಿದ್ದಲು ದಾರಿ ಇಲ್ಲ. ಯಾಕೆಂದರೆ ನಿಮ್ಮ ಬಿಲ್ಲಿನಲ್ಲಿ 12 ಗೊಂಬೆಗೂ ಒಂದೇ ಐಟಂ ನಂಬರ್. ಕಂಪ್ಯೂಟರ್ ನೋಡಿದರೆ ನನ್ನಲ್ಲಿ 18 ಸ್ಟಾಕ್ ಇದೆ. ಅದಕ್ಕೆ ನಾಯಕ ಯಾರು, ಪೈಲಟ್ ಯಾರು ಅಂತ ಗೊತ್ತಾಗುವುದಿಲ್ಲ. 'ನಿಮ್ಮಲ್ಲಿ ಮಾಲು ಇದೆಯಲ್ಲ ಸಾರ್' ಅಂತ ನಿಮ್ಮ ಆಫೀಸಿನಿಂದ ಉತ್ತರ ಬರುತ್ತದೆ. ಬೇಡದ ಗೊಂಬೆ ಖಾಲಿಯಾಗದೆ ಬೇಕಾದ ಗೊಂಬೆ ಬರುವುದಿಲ್ಲ. ಬೇಡದ್ದು ಖಾಲಿಯಾಗುವುದೇ ಇಲ್ಲ.

'ಹೆಣ್ಣು ಗೊಂಬೆ ಓಡಲ್ಲ ಸಾರ್, ಹುಡುಗರು ತಗೊಳಲ್ಲ' ಅಂತಲೂ ನಿಮ್ಮ ಹುಡುಗ ಹೇಳಿದ. ಇದು ಹಳೇ ಮಾತು. 2015ರ ಕೊನೆಗೆ ಬಂದ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಕಥೆ ನಡೆಸುವವಳೇ ರೇ ಎಂಬ ಹುಡುಗಿ. ಆದರೆ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿ ತಂದ ಅದರ ಮೊನಾಪಲಿ ಆಟದಲ್ಲಿ ನಾಲ್ಕು ಕಾಯಿ, ನಾಲ್ಕೂ ಗಂಡು. ಎಂಟು ವರ್ಷದ ಹುಡುಗಿಯೊಬ್ಬಳು ಪತ್ರ ಬರೆದು ಕೇಳಿದಳು. ರೇಯನ್ನೂ ಸೇರಿಸುತ್ತೇವೆ ಅಂತ 2016ರ ಜನವರಿಯಲ್ಲಿ ಕಂಪನಿ ಹೇಳಬೇಕಾಯಿತು. ನನ್ನ ಅಂಗಡಿಯಲ್ಲಿ ಪೈಲಟ್ ಕೇಳಿದವರಲ್ಲಿ ಅರ್ಧಕ್ಕರ್ಧ ಹುಡುಗರೇ.

ಮಾಲು ಸಾಲದೇ ಇರುವುದು ಹೊಸದಲ್ಲ ಅಂತ ನೀವು ಹೇಳಬಹುದು. ನಿಜ. 1977ರಲ್ಲಿ ಸ್ಟಾರ್ ವಾರ್ಸ್ ಅಷ್ಟು ಓಡುತ್ತದೆ ಅಂತ ಅದರ ಗೊಂಬೆ ಮಾಡುತ್ತಿದ್ದ ಕೆನ್ನರ್ ಕಂಪನಿ ಎಣಿಸಿರಲಿಲ್ಲ. ಕ್ರಿಸ್‌ಮಸ್‌ಗೆ ಗೊಂಬೆ ರೆಡಿ ಇರಲಿಲ್ಲ. ಗೊಂಬೆಯೇ ಇಲ್ಲದ ಪ್ಯಾಕೆಟ್‌ನಲ್ಲಿ ಒಂದು ಸರ್ಟಿಫಿಕೇಟ್ ಇಟ್ಟು ಮಾರಿದರು. ಅದನ್ನು ಅಂಚೆಯಲ್ಲಿ ಕಳಿಸಿದ ಮಕ್ಕಳಿಗೆ 1978ರಲ್ಲಿ ನಾಲ್ಕು ಗೊಂಬೆ ಬಂತು. ನಾಲ್ಕರಲ್ಲಿ ಒಬ್ಬಳು ರಾಜಕುಮಾರಿ ಲಿಯಾ! ಖಾಲಿ ಡಬ್ಬ ಮಾರಿದರು ಅಂತ ನಗಬಹುದು. ಆದರೆ ಏನು ಬರುತ್ತದೆ, ಎಷ್ಟು ಬರುತ್ತದೆ ಅಂತ ಬರೆದುಕೊಟ್ಟಿದ್ದರು. ನಿಮ್ಮ ಕಾರ್ಟನ್ ಮೇಲೆ 'ಅಸಾರ್ಟೆಡ್' (ಬಗೆಬಗೆಯವು) ಅಂತ ಒಂದೇ ಪದ.

ಈಗ ನನ್ನ ಪಾಡು ಕೇಳಿ. ಒಬ್ಬ ತಂದೆ ಮಗಳನ್ನು ಕರೆದುಕೊಂಡು ಸಾಗರದಿಂದ ಬಂದಿದ್ದರು. ಇಲ್ಲ ಅಂದೆ. ಅವರು ಗೋಡೌನ್ ಬಾಗಿಲ ಕಡೆ ನೋಡಿ, 'ಒಳಗೆ ಎತ್ತಿಟ್ಟಿದ್ದೀರಿ, ಜಾಸ್ತಿ ದುಡ್ಡಿಗೆ ಮಾರ್ತೀರಿ' ಅಂದರು. ಆನ್‌ಲೈನ್‌ನಲ್ಲಿ ಅದೇ ಗೊಂಬೆ ಮೂರು ಪಟ್ಟು ಬೆಲೆಗೆ ಇದೆ, ಅವರು ಫೋನಿನಲ್ಲೇ ತೋರಿಸಿದರು. ನಾನು ಏನು ಹೇಳಲಿ? ಸುಳ್ಳು ಯಾಕೆ, ಮೂರನೇ ಪೈಲಟನ್ನು ಒಬ್ಬ ಹಳೇ ಗಿರಾಕಿಗೆ ಎತ್ತಿಟ್ಟಿದ್ದು ನಿಜ. ಎಂಆರ್‌ಪಿಗೇ ಕೊಟ್ಟೆ. ಆದರೂ ಅವರು ಹಾಗೆ ಅಂದಾಗ ಮುಖ ಎತ್ತಲು ಆಗಲಿಲ್ಲ.

ನಾನು ಕೇಳುವುದು ಇಷ್ಟು. ಆರ್ಡರ್ ತಗೊಳ್ಳುವ ಮೊದಲು ಕಾರ್ಟನ್‌ನಲ್ಲಿ ಯಾವ ಗೊಂಬೆ ಎಷ್ಟು ಅಂತ ಬರವಣಿಗೆಯಲ್ಲಿ ಕೊಡಿ. ಉಳಿದ 18 ಗೊಂಬೆ ವಾಪಸ್ ತಗೊಳ್ಳಿ, ಅಥವಾ ಬೇರೆ ಮಾಲಿಗೆ ಬದಲಾಯಿಸಿ ಕೊಡಿ. ಪ್ಯಾಕ್ ಒಂದೂ ಬಿಚ್ಚಿಲ್ಲ. ಪೈಲಟ್ ಒಂದನ್ನೇ ಬಿಡಿಯಾಗಿ ಕೊಡಲು ಸಾಧ್ಯವಿದ್ದರೆ ಹನ್ನೆರಡು ಕಳಿಸಿ, ಮುಂಗಡ ಹಣ ಕಟ್ಟುತ್ತೇನೆ. ಇಲ್ಲವೆಂದರೆ ಇಲ್ಲ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿ. ಅದನ್ನೇ ಗಲ್ಲಾದ ಹಿಂದೆ ಅಂಟಿಸುತ್ತೇನೆ, ಕೇಳಿದವರು ಓದಿಕೊಳ್ಳಲಿ.

15 ದಿನದೊಳಗೆ ಉತ್ತರ ಬೇಕು. ಸೇಲ್ಸ್ ಹುಡುಗನನ್ನು ಕಳಿಸುವುದಾದರೆ ಮಂಗಳವಾರ ಬೇಡ, ಅವತ್ತು ಅಂಗಡಿ ರಜೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಮೂರು ಬಿಲ್ಲುಗಳ ಪ್ರತಿ, ಕಾರ್ಟನ್ ಬಿಚ್ಚಿದಾಗ ತೆಗೆದ ಫೋಟೋ.